ಚರ್ಲ್ ಅಂದರೆ ಯಾರು?

(ಹಲಸೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತು. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.)



ಇವತ್ತು ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡೋಣ ಅಂತ ನಿಶ್ಚಯ ಮಾಡಿಕೊಂಡು ಬಂದಿದ್ದೇವೆ. ಭೂಮಿ ಪ್ರಶ್ನೆ ಇದೆ, ಸ್ಕಾಲರ್‌ಶಿಪ್ಪಿನ ಪ್ರಶ್ನೆ ಇದೆ, ಹಾಸ್ಟೆಲಿನ ಸಾರಿನಲ್ಲಿ ಬೇಳೆ ಎಲ್ಲಿ ಅನ್ನೋ ಪ್ರಶ್ನೆ ಇದೆ. ಅವೆಲ್ಲ ಬಿಟ್ಟು ಇವರು ಇಂಗ್ಲಿಷ್ ಪಾಠ ಮಾಡೋಕೆ ಬಂದರಲ್ಲ ಅಂತ ಹಿಂದಿನ ಬೆಂಚಿನಲ್ಲಿ ಕೆಲವರು ಗೊಣಗುತ್ತಿದ್ದೀರಿ. ಗೊಣಗಿ, ಚಿಂತೆಯಿಲ್ಲ. ಇವತ್ತಿನ ವಿಷಯವೇ ಗೊಣಗಾಟ, ಸಿಡುಕು, ಮುಖ ಗಂಟು ಹಾಕಿಕೊಳ್ಳೋದು.

ಇಂಗ್ಲಿಷಿನಲ್ಲಿ ‘ಚರ್ಲಿಷ್’ ಅಂತ ಒಂದು ಹಳೇ ಪದ ಇದೆ. ಡಿಕ್ಷನರಿ ತೆಗೆದರೆ ಒರಟ, ಸಿಡುಕ, ಸಭ್ಯತೆ ಇಲ್ಲದವನು, ಕೈ ಬಿಚ್ಚದ ಜಿಪುಣ ಎಂಬ ಅರ್ಥಗಳು ಸಿಗುತ್ತವೆ. ಹಳೇ ಪದವಾದರೂ ಸತ್ತಿಲ್ಲ. ಇಂಗ್ಲಿಷ್ ಪತ್ರಿಕೆಗಳಲ್ಲಿ ಈಗಲೂ ಬರುತ್ತದೆ. ಎಲ್ಲಿ ಬರುತ್ತದೆ ಅಂತ ಗಮನಿಸಿ. ಒಬ್ಬರು ಏನೋ ಕೊಟ್ಟಿದ್ದಾರೆ, ತೆಗೆದುಕೊಂಡವನು ನಗುತ್ತಿಲ್ಲ, ಥ್ಯಾಂಕ್ಸ್ ಹೇಳುತ್ತಿಲ್ಲ, ಕೊಟ್ಟದ್ದರಲ್ಲಿ ಹುಳುಕು ಹುಡುಕುತ್ತಿದ್ದಾನೆ. ಅಂಥವನು ಚರ್ಲಿಷ್. ಸೀಟು ಕೊಟ್ಟಿದ್ದೇವೆ, ಹಾಸ್ಟೆಲ್ ಕೊಟ್ಟಿದ್ದೇವೆ, ಆದರೂ ಈ ಹುಡುಗರು ಮುಖ ಊದಿಸಿಕೊಂಡೇ ಇರ್ತಾರಲ್ಲ ಅನ್ನೋ ಮಾತನ್ನು ನೀವು ಕಾಲೇಜಿನ ವರಾಂಡದಲ್ಲಿ ಕೇಳಿರುತ್ತೀರಿ. ಆ ಇಡೀ ವಾಕ್ಯವನ್ನು ಇಂಗ್ಲಿಷಿನವರು ಒಂದೇ ಪದದಲ್ಲಿ ಹೇಳಿ ಮುಗಿಸುತ್ತಾರೆ. ಅದಕ್ಕೇ ಆ ಪದದ ಹಿಂದೆ ಬಿದ್ದೆವು.

ಈ ಪದ ಹುಟ್ಟಿದಾಗ ಅದರಲ್ಲಿ ಸಿಡುಕೂ ಇರಲಿಲ್ಲ, ಒರಟುತನವೂ ಇರಲಿಲ್ಲ. ಸಾವಿರದ ಇನ್ನೂರು ಮುನ್ನೂರು ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಅದು ‘ಚೆಯೊರ್ಲ್’ ಎಂದಿತ್ತು. ಮನುಷ್ಯ, ಗಂಡಸು, ಗಂಡ ಅನ್ನೋದು ಅದರ ಮೊದಲ ಅರ್ಥ. ಆಮೇಲೆ ಅದೊಂದು ಅಂತಸ್ತಿನ ಹೆಸರಾಯಿತು. ದೊರೆ ಮನೆತನದವನಲ್ಲದ, ಆದರೆ ಗುಲಾಮನೂ ಅಲ್ಲದ ಸಾಮಾನ್ಯ ರೈತ. ಉಳುವವನು, ದನ ಕಟ್ಟುವವನು, ಕರೆದಾಗ ದಂಡಿಗೆ ಹೋಗುವವನು. ‘ಚರ್ಲಿಷ್’ ಅಂದರೆ ಇಂಥ ಸಾಮಾನ್ಯ ಜನಕ್ಕೆ ಸೇರಿದ್ದು, ಅಷ್ಟೇ.

ಆದರೆ ಆ ಕಾಲವನ್ನು ರಾಮರಾಜ್ಯ ಅಂತ ತಿಳಿಯಬೇಡಿ. ಅಲ್ಲೂ ಮೆಟ್ಟಿಲುಗಳಿದ್ದವು. ಇಂಗ್ಲೆಂಡಿನ ವೆಸೆಕ್ಸ್ ಸೀಮೆಯ ಹಳೇ ಕಾನೂನುಗಳಲ್ಲಿ ಪ್ರತಿಯೊಬ್ಬ ಮನುಷ್ಯನ ಪ್ರಾಣಕ್ಕೂ ಒಂದು ಬೆಲೆ ಬರೆದಿಟ್ಟಿದ್ದರು. ಕೊಂದವನು ಸತ್ತವನ ಮನೆಯವರಿಗೆ ಅಷ್ಟು ಹಣ ಕಟ್ಟಬೇಕು. ಚರ್ಲನ ಪ್ರಾಣಕ್ಕೆ 200 ಶಿಲ್ಲಿಂಗ್, ದೊರೆಮಗನ ಪ್ರಾಣಕ್ಕೆ 1200 ಶಿಲ್ಲಿಂಗ್. ನ್ಯಾಯಸ್ಥಾನದಲ್ಲಿ ಆಣೆ ಮಾಡುವಾಗಲೂ ಇದೇ ಲೆಕ್ಕ. ಒಬ್ಬ ದೊಡ್ಡವನ ಆಣೆ ಆರು ಚರ್ಲರ ಆಣೆಗೆ ಸಮ. ಕೋರ್ಟಿನಲ್ಲಿ ನಮ್ಮ ಕೇರಿಯವರ ಸಾಕ್ಷಿ ನಿಲ್ಲೋದಿಲ್ಲ ಯಾಕೆ ಅಂತ ಕೇಳುತ್ತೀರಲ್ಲ, ಅಲ್ಲಿ ಅದನ್ನು ಗುಣಾಕಾರ ಮಾಡಿ ಬರೆದೇ ಇಟ್ಟಿದ್ದರು. ಒಂದು ರೀತಿಯಲ್ಲಿ ಪ್ರಾಮಾಣಿಕರು.

ಇಲ್ಲೇ ಒಂದು ಮಾತು. ಚರ್ಲ್ ನಮ್ಮವನು, ಅಂದರೆ ಇಂಗ್ಲೆಂಡಿನ ದಲಿತ ಅಂತ ಅವಸರದಲ್ಲಿ ಹೇಳಿಬಿಡೋದು ತಪ್ಪು. ಅವನ ಕೆಳಗೂ ಜನ ಇದ್ದರು. ಅವರನ್ನು ‘ಥೆಯೊ’ ಅನ್ನುತ್ತಿದ್ದರು, ಅಂದರೆ ಗುಲಾಮ. ಗುಲಾಮನನ್ನು ಕೊಂದರೆ ಅವನ ಒಡೆಯನಿಗೆ ದನದ ಬೆಲೆಯ ಹಾಗೆ ಬೆಲೆ ಕೊಟ್ಟರೆ ಮುಗಿಯಿತು. 1086ರಲ್ಲಿ ಅಲ್ಲಿನ ರಾಜ ಇಡೀ ದೇಶದ ಭೂಮಿ ಲೆಕ್ಕ ಬರೆಸಿದಾಗ, ಬರೆಸಿಕೊಂಡವರಲ್ಲಿ ಸುಮಾರು ಹತ್ತರಲ್ಲಿ ಒಬ್ಬ ಗುಲಾಮನಾಗಿದ್ದ. ಇವತ್ತಿನ ಇಂಗ್ಲಿಷಿನಲ್ಲಿ ಚರ್ಲ್ ಬೈಗುಳವಾಗಿಯಾದರೂ ಉಳಿದಿದ್ದಾನೆ, ಥೆಯೊನ ಹೆಸರೇ ಅಳಿದುಹೋಗಿದೆ. ಎಲ್ಲರಿಗಿಂತ ಕೆಳಗಿದ್ದವನಿಗೆ ಬೈಗುಳದಲ್ಲೂ ಜಾಗ ಸಿಗಲಿಲ್ಲ.

ಹಾಗಾದರೆ ರೈತನ ಹೆಸರು ಸಿಡುಕನ ಹೆಸರು ಹೇಗಾಯಿತು? 1066ರಲ್ಲಿ ಫ್ರಾನ್ಸಿನ ಕಡೆಯಿಂದ ನಾರ್ಮನರು ಬಂದು ಇಂಗ್ಲೆಂಡನ್ನು ಗೆದ್ದರು. ದೊರೆಗಳು ಫ್ರೆಂಚ್ ಮಾತಾಡೋರು, ಉಳುವವರು ಇಂಗ್ಲಿಷ್ ಮಾತಾಡೋರು. ಸ್ವತಂತ್ರ ರೈತನಾಗಿದ್ದ ಚರ್ಲ್ ಕ್ರಮೇಣ ದೊರೆಯ ಜಮೀನಿಗೆ ಕಟ್ಟಿಬಿದ್ದ ಜೀತಗಾರನ ಮಟ್ಟಕ್ಕೆ ಇಳಿದ. ಅವನು ಇಳಿದ ಹಾಗೆ ಅವನ ಹೆಸರೂ ಇಳಿಯಿತು. ಹದಿಮೂರು ಹದಿನಾಲ್ಕನೇ ಶತಮಾನಕ್ಕೆ ಬರುವಷ್ಟರಲ್ಲಿ ಚರ್ಲ್ ಅಂದರೆ ಒರಟ, ನಯವಿಲ್ಲದವನು. ಇದು ಅವನೊಬ್ಬನ ಕಥೆಯಲ್ಲ. ಸಿನಿಮಾದಲ್ಲಿ ‘ವಿಲನ್’ ಅನ್ನುತ್ತೀವಲ್ಲ, ಆ ವಿಲನ್ ಯಾರು? ಲ್ಯಾಟಿನ್ನಿನಲ್ಲಿ ‘ವಿಲ್ಲಾ’ ಅಂದರೆ ಜಮೀನ್ದಾರನ ತೋಟದ ಮನೆ. ಅಲ್ಲಿ ದುಡಿಯುವ ಆಳು ವಿಲ್ಲಾನುಸ್. ಅವನೇ ವಿಲನ್. ಈಗ ವಿಲ್ಲಾ ವೈಟ್‌ಫೀಲ್ಡ್ ಕಡೆ ಕೋಟಿಗಟ್ಟಲೆಗೆ ಮಾರಾಟವಾಗುತ್ತೆ, ಅದರಲ್ಲಿ ದುಡಿದವನ ಹೆಸರು ಕೊಲೆಗಡುಕನ ಹೆಸರಾಗಿದೆ. ‘ಬೂರ್’ ಅಂದರೂ ಒರಟ, ಅದು ಡಚ್ ಭಾಷೆಯ ರೈತ. ‘ನೇವ್’ ಅಂದರೆ ಠಕ್ಕ, ಮೂಲದಲ್ಲಿ ಬರೀ ಹುಡುಗ, ಆಮೇಲೆ ಕೆಲಸದ ಹುಡುಗ, ಆಮೇಲೆ ಕಳ್ಳ.

ಮೇಲಿನವರ ಪದಗಳು ಯಾವ ದಿಕ್ಕಿಗೆ ಹೋದವು ನೋಡಿ. ‘ಜಂಟಲ್’ ಅಂದರೆ ಈಗ ಮೃದು, ಸೌಮ್ಯ. ಮೂಲದಲ್ಲಿ ಒಳ್ಳೇ ಮನೆತನದಲ್ಲಿ ಹುಟ್ಟಿದವನು. ‘ಜೆನೆರಸ್’ ಅಂದರೆ ಈಗ ಧಾರಾಳಿ, ಉದಾರಿ. ಮೂಲದಲ್ಲಿ ಅದೂ ದೊಡ್ಡ ಕುಲದವನು. ‘ನೋಬಲ್’ ಬಿಡಿಸಿ ಹೇಳಬೇಕಿಲ್ಲ. ‘ಕರ್ಟಸಿ’ ಅಂದರೆ ದೊರೆಯ ಕೋರ್ಟಿನ, ಅಂದರೆ ಒಡ್ಡೋಲಗದ ನಡವಳಿಕೆ. ಅಂತಸ್ತಿನ ಹೆಸರುಗಳು ಹೀಗೆ ಗುಣದ ಹೆಸರುಗಳಾಗೋದನ್ನು ಸಿ.ಎಸ್. ಲೂಯಿಸ್ ಎಂಬ ಇಂಗ್ಲಿಷ್ ಪ್ರೊಫೆಸರರು 1960ರ ತಮ್ಮ ಪುಸ್ತಕವೊಂದರಲ್ಲಿ ಚರ್ಚಿಸಿದ್ದಾರೆ. ಹುಟ್ಟಿನ ಗುರುತಾಗಿದ್ದದ್ದು ನಡತೆಯ ಸರ್ಟಿಫಿಕೇಟಾಗುತ್ತದೆ. ಒಮ್ಮೆ ಸರ್ಟಿಫಿಕೇಟಾದ ಮೇಲೆ ಅದು ಹುಟ್ಟಿನಿಂದ ಬಂದದ್ದು ಅಂತ ಯಾರಿಗೂ ನೆನಪಿರೋದಿಲ್ಲ.

ನಮಗೆ ತುಂಬಾ ನಗು ತರಿಸಿದ ಸಂಗತಿಯೊಂದಿದೆ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ, ಸಮುವೇಲನ ಮೊದಲನೆಯ ಪುಸ್ತಕದ 25ನೇ ಅಧ್ಯಾಯದಲ್ಲಿ ನಾಬಾಲನ ಕಥೆ ಬರುತ್ತೆ. ಶಿವಾಜಿನಗರ, ಫ್ರೇಜರ್ ಟೌನ್ ಕಡೆಯ ನಮ್ಮ ಕ್ರೈಸ್ತ ಗೆಳೆಯರಿಗೆ ಇದು ಭಾನುವಾರದ ಶಾಲೆಯಿಂದಲೇ ಗೊತ್ತು. ಮೂರು ಸಾವಿರ ಕುರಿ, ಒಂದು ಸಾವಿರ ಆಡು ಇದ್ದ ಭಾರೀ ಸಿರಿವಂತ. ದಾವೀದ ತನ್ನವರಿಗೆ ಊಟ ಕೇಳಿ ಆಳು ಕಳಿಸಿದರೆ ಬೈದು ಅಟ್ಟಿದ. ಅವನ ಗುಣ ಹೇಳೋಕೆ ಇಂಗ್ಲಿಷ್ ಅನುವಾದಕರು ಬಳಸಿದ ಪದ ಚರ್ಲಿಷ್. ಸಾಹುಕಾರನ ಜಿಪುಣತನಕ್ಕೂ ಬಡ ರೈತನ ಹೆಸರು! ಶೇಕ್ಸ್‌ಪಿಯರನ ‘ಆ್ಯಸ್ ಯು ಲೈಕ್ ಇಟ್’ ನಾಟಕದಲ್ಲಿ ಕೋರಿನ್ ಅನ್ನೋ ಕುರುಬ ಮುದುಕ, ತನ್ನ ಯಜಮಾನ ಅತಿಥಿಗಳಿಗೆ ಏನೂ ಕೊಡದ ಮನುಷ್ಯ ಅಂತ ದೂರುವಾಗ ಅವನನ್ನು ಚರ್ಲಿಷ್ ಅನ್ನುತ್ತಾನೆ. ಕುರಿ ಕಾಯುವವನೇ, ಕುರಿಯ ಒಡೆಯನನ್ನು ಬೈಯೋಕೆ ತನ್ನಂಥವರ ಹೆಸರನ್ನೇ ಎತ್ತಿಕೊಳ್ಳುತ್ತಾನೆ. ಅವನಿಗೆ ಬೇರೆ ಪದ ಸಿಗಲಿಲ್ಲ. ನಮ್ಮ ಕೇರಿಯಲ್ಲೇ ಇಬ್ಬರು ಜಗಳ ಆಡುವಾಗ ಜಾತಿ ಹೆಸರನ್ನೇ ಬೈಗುಳ ಮಾಡಿಕೊಳ್ಳೋದನ್ನು ಕೇಳಿದ್ದೀರಲ್ಲ? ಅದಕ್ಕೂ ಇದಕ್ಕೂ ದೂರ ಇಲ್ಲ.

ಇನ್ನೊಂದು ತಮಾಷೆ. ಚೆಯೊರ್ಲ್ ಹುಟ್ಟಿದ ಬೇರಿನಿಂದಲೇ ಜರ್ಮನ್ ಕಡೆ ‘ಕಾರ್ಲ್’ ಅನ್ನೋ ಪದ ಬಂತು. ಅದೂ ಗಂಡಸು, ಸಾಮಾನ್ಯ ಮನುಷ್ಯ ಎಂಬ ಅರ್ಥದ್ದು. ಆದರೆ ಎಂಟನೇ ಶತಮಾನದಲ್ಲಿ ಕಾರ್ಲ್ ಎಂಬ ಹೆಸರಿನವನೊಬ್ಬ ಯುರೋಪಿನ ದೊಡ್ಡ ಚಕ್ರವರ್ತಿಯಾಗಿಬಿಟ್ಟ. ಅವನೇ ಚರಿತ್ರೆ ಪುಸ್ತಕದ ಶಾರ್ಲ್‌ಮೇನ್. ಅವನ ಪ್ರತಾಪ ಕಂಡ ಪೂರ್ವದ ಸ್ಲಾವ್ ಜನ ಅವನ ಹೆಸರನ್ನೇ ‘ರಾಜ’ ಅನ್ನೋ ಪದ ಮಾಡಿಕೊಂಡರು. ಪೋಲೆಂಡಿನಲ್ಲಿ ‘ಕ್ರುಲ್’, ರಷ್ಯಾದಲ್ಲಿ ‘ಕರೋಲ್’. ಅದೇ ಸ್ಲಾವ್ ಜನರನ್ನು ಹಿಡಿದು ಮಾರುತ್ತಿದ್ದ ಪಶ್ಚಿಮದವರು ಅವರ ಹೆಸರನ್ನು ‘ಸ್ಲೇವ್’ ಅಂದರೆ ಗುಲಾಮ ಅನ್ನೋ ಪದ ಮಾಡಿಕೊಂಡರು. ಕಾರ್ಲ್ ಇಂಗ್ಲಿಷಿಗೆ ‘ಚಾರ್ಲ್ಸ್’ ಆಗಿ ಬಂತು. 2023ರ ಮೇ 6ರಂದು ಲಂಡನ್ನಿನಲ್ಲಿ ಕಿರೀಟ ಇಟ್ಟುಕೊಂಡ ಮೂರನೇ ಚಾರ್ಲ್ಸನ ಹೆಸರೂ ಒರಟ ಚರ್ಲನ ಹೆಸರೂ ಒಂದೇ ಬಳ್ಳಿಯ ಕಾಯಿ. ಇಲ್ಲೇ ಕಾಕ್ಸ್ ಟೌನಿನಲ್ಲಿ ಚಾರ್ಲ್ಸ್ ಕ್ಯಾಂಪ್‌ಬೆಲ್ ರಸ್ತೆ ಇದೆ. ಮುಂದಿನ ಸಲ ಆ ಬೋರ್ಡು ಕಂಡಾಗ ನೆನಪು ಮಾಡಿಕೊಳ್ಳಿ. ಪದದ ಬೇರಿನಲ್ಲಿ ಮೇಲು ಕೀಳು ಇರಲಿಲ್ಲ. ಯಾರ ತಲೆ ಮೇಲೆ ಅದು ಕೂತಿತು ಅನ್ನೋದರ ಮೇಲೆ ಒಂದು ರಾಜನಾಯಿತು, ಒಂದು ಬೈಗುಳವಾಯಿತು.

ಇನ್ನು ಇದರ ತಮ್ಮ, ‘ಸರ್ಲಿ’. ಅದಕ್ಕೂ ಮುಖ ಗಂಟಿಕ್ಕಿದವನು, ಸಿಡುಕ ಅಂತಲೇ ಅರ್ಥ. ಇದರ ಕಥೆ ತಲೆಕೆಳಗು. ದಿನಕ್ಕೆ ನೂರು ಸಲ ನಾವು ‘ಸಾರ್’ ಅನ್ನುತ್ತೇವೆ. ವಾರ್ಡನ್ ಮುಂದೆ ಸಾರ್, ಕ್ಲರ್ಕ್ ಮುಂದೆ ಸಾರ್, ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಡದಿದ್ದರೂ ಸಾರ್. ಲ್ಯಾಟಿನ್ನಿನ ‘ಸೀನಿಯರ್’, ಅಂದರೆ ಹಿರಿಯ ಅನ್ನೋದು ಫ್ರೆಂಚಿನಲ್ಲಿ ‘ಸೈರ್’ ಆಗಿ ಇಂಗ್ಲಿಷಿನಲ್ಲಿ ‘ಸರ್’ ಆಯಿತು. ಸರ್ ಥರ ಇರುವವನು ‘ಸರ್‌ಲಿ’. ಅಂದರೆ ದೊರೆಯ ಠೀವಿಯವನು, ಯಾರನ್ನೂ ಲೆಕ್ಕಕ್ಕಿಡದೆ ಬಿಗುಮಾನದಿಂದ ನಡೆಯುವವನು. ಆ ಪದದ ಸ್ಪೆಲಿಂಗು ಹದಿನಾರನೇ ಶತಮಾನದಲ್ಲಿ ಬದಲಾಯಿತು. ಮೂಲ ಮರೆತುಹೋಯಿತು. ಹದಿನೇಳನೇ ಶತಮಾನದ ಹೊತ್ತಿಗೆ ಸರ್ಲಿ ಅಂದರೆ ಬರೀ ಸಿಡುಕ, ಅದು ಯಾರೂ ಆಗಬಹುದು. ಇವತ್ತು ಯಾರನ್ನು ಸರ್ಲಿ ಅನ್ನುತ್ತಾರೆ? ಹೋಟೆಲಿನ ಸಪ್ಲೈಯರನ್ನು, ಗೇಟಿನ ವಾಚ್‌ಮನ್ನನ್ನು, ಕೌಂಟರಿನ ಹಿಂದೆ ಕೂತ ಹುಡುಗಿಯನ್ನು. ದೊರೆ ತನ್ನ ಮುಖದ ಮೇಲಿದ್ದ ಗಂಟನ್ನು ಬಿಚ್ಚಿ ಆಳಿನ ಮುಖಕ್ಕೆ ಕಟ್ಟಿ ಹೋದ ಹಾಗಾಯಿತು. ಯಾರೋ ಕೂತು ಪಿತೂರಿ ಮಾಡಿ ಹೀಗೆ ಮಾಡಿದರು ಅಂತ ನಾವು ಹೇಳುತ್ತಿಲ್ಲ. ಮಾತು ಮೇಲಿನಿಂದ ಕೆಳಕ್ಕೆ ನೀರಿನ ಹಾಗೆ ಹರಿಯುತ್ತೆ, ಕೊಳೆ ಎಲ್ಲಿ ನಿಲ್ಲುತ್ತೆ ಅಂತ ನಿಮಗೇ ಗೊತ್ತು.

ಇದೆಲ್ಲ ಇಂಗ್ಲೆಂಡಿನ ಪುರಾಣ ಅಂತ ನಗಬೇಡಿ. ನಮ್ಮ ಕನ್ನಡ ಏನು ಕಡಿಮೆ ಮಾಡಿದೆ? ‘ಸಭ್ಯ’ ಅಂದರೆ ಸಭೆಗೆ ತಕ್ಕವನು. ಸಭೆಯ ಒಳಗೆ ಕಾಲಿಡೋಕೆ ಬಿಡದಿದ್ದವರು ‘ಅಸಭ್ಯ’ರಾಗದೆ ಇನ್ನೇನಾಗುತ್ತಾರೆ? ‘ಕುಲೀನ’ ಅಂದರೆ ಕುಲವಂತ, ಅದಕ್ಕೇ ಒಳ್ಳೆಯವನು. ‘ಗ್ರಾಮ್ಯ’ ಅಂದರೆ ಹಳ್ಳಿಯದು, ಅದಕ್ಕೇ ಕಾವ್ಯದಲ್ಲಿ ಅದೊಂದು ದೋಷ. ‘ಪಾಮರ’ ಅಂದರೆ ಕೀಳು ಕಸುಬಿನ ಹಳ್ಳಿಗ, ಅದಕ್ಕೇ ಬುದ್ಧಿ ಇಲ್ಲದವನು. ಮನುಸ್ಮೃತಿಯ ಎರಡನೇ ಅಧ್ಯಾಯದ 31ನೇ ಶ್ಲೋಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶೂದ್ರನಿಗೆ ಇಡುವ ಹೆಸರೇ ಹೇಸಿಗೆ ತರುವಂತಿರಬೇಕು ಅಂತ ವಿಧಿಸುತ್ತದೆ. ಇಂಗ್ಲಿಷ್ ಚರ್ಲನ ಹೆಸರು ಕೆಡೋಕೆ ನಾಲ್ಕೈದು ನೂರು ವರ್ಷ ಹಿಡಿಯಿತು. ಇಲ್ಲಿ ತೊಟ್ಟಿಲಲ್ಲೇ ಕೆಡಿಸಿ ಅಂತ ವಿಧಿ ಮಾಡಿದರು. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಆ ಪುಸ್ತಕವನ್ನು ಸುಟ್ಟದ್ದು ಸುಮ್ಮನೆ ಅಲ್ಲ. ಈಗಲೂ ಪಹಣಿಯಲ್ಲಿ ‘ಸಿದ್ದಯ್ಯ’ ಅಂತ ಇದ್ದರೂ ಊರಿನ ದೊಡ್ಡವರ ಬಾಯಲ್ಲಿ ‘ಏ ಸಿದ್ದ’. ಆ ‘ಅಯ್ಯ’ ಅನ್ನೋ ಎರಡಕ್ಷರ ಹೇಳಿದರೆ ನಾಲಿಗೆ ಬಿದ್ದುಹೋಗುತ್ತೆ ಅನ್ನೋ ಹಾಗೆ.

‘ಹೊಲೆಯ’ ಅನ್ನೋದು ‘ಹೊಲ’ದಿಂದ ಬಂತು, ಹೊಲದ ಒಡೆಯ ಎಂದೇ ಅರ್ಥ ಅಂತ ನಮ್ಮ ಹಿರಿಯರು ಹೇಳುತ್ತಾರೆ. ‘ಹೊಲೆ’ ಎಂಬ ಮೈಲಿಗೆಯಿಂದ ಬಂತು ಅಂತ ಪಂಡಿತರು ಹೇಳುತ್ತಾರೆ. ಈ ಜಗಳದಲ್ಲಿ ಹೊಲ ಯಾರ ಕೈಲಿದೆ ಅನ್ನೋದನ್ನೂ ಜೊತೆಗೇ ಕೇಳಬೇಕು.

ಈಗ ಸಿಡುಕಿಗೆ ಬನ್ನಿ. ಗೌಡರು ಮುಖ ಬಿಗಿದುಕೊಂಡು ಕೂತರೆ ಅದಕ್ಕೆ ಕನ್ನಡದಲ್ಲಿ ‘ಗಾಂಭೀರ್ಯ’ ಅನ್ನುತ್ತಾರೆ, ‘ಗತ್ತು’ ಅನ್ನುತ್ತಾರೆ. ನಮ್ಮಪ್ಪ ಹಾಗೆ ಕೂತರೆ? ‘ಸೊಕ್ಕು’, ‘ಕೊಬ್ಬು’, ‘ತಿಮಿರು’, ‘ಧಿಮಾಕು’. ಮುಖ ಎರಡೂ ಕಡೆ ಅದೇ ಮುಖ, ಹುಬ್ಬು ಅಷ್ಟೇ ಗಂಟು. ಕೊಬ್ಬು ಅಂದರೆ ಮೈಯಲ್ಲಿ ಸೇರಿದ ನೆಣ. ಎರಡು ಹೊತ್ತು ಉಂಡದ್ದೇ ತಪ್ಪು ಅನ್ನೋ ಅರ್ಥ ಅದರೊಳಗೆ ಅಡಗಿದೆ. ‘ಧಿಮಾಕು’ ಇನ್ನೂ ಸೊಗಸಾದದ್ದು. ಅದು ಅರಬ್ಬಿಯ ‘ದಿಮಾಗ್’, ಅಂದರೆ ಮೆದುಳು. ಶಿವಾಜಿನಗರದ ನಮ್ಮ ಮುಸಲ್ಮಾನ ಗೆಳೆಯರನ್ನು ಕೇಳಿ, ದಖನಿ ಮಾತಿನಲ್ಲಿ ಅದಕ್ಕೆ ಎರಡೂ ಅರ್ಥ ಇದೆ. ಬಡವನ ತಲೆಯೊಳಗೆ ಮೆದುಳಿದೆ ಅಂತ ಗೊತ್ತಾದ ಕೂಡಲೇ ಅದು ಅಹಂಕಾರ. ಹೆಣ್ಣುಮಕ್ಕಳದು ಎರಡು ಪಟ್ಟು ಕಷ್ಟ. ನಕ್ಕರೆ ಒಂದು ಮಾತು, ನಗದಿದ್ದರೆ ಗಂಟುಮೂತಿ. ಇಂದಿರಾನಗರದ ಮನೆಗಳಲ್ಲಿ ಪಾತ್ರೆ ಉಜ್ಜುವ ಅಕ್ಕಂದಿರನ್ನು ಕೇಳಿ ನೋಡಿ, ಸಂಬಳ ಜಾಸ್ತಿ ಕೇಳಿದ ದಿನದಿಂದಲೇ ಅವರ ಮುಖ ಸರಿಯಿಲ್ಲ ಅನ್ನೋದು ಶುರುವಾಗಿರುತ್ತೆ.

ನಾವು ಈಗ ಕೂತಿರುವ ಈ ಕಂಟೋನ್ಮೆಂಟು ಮುಖ ಓದುವ ವಿದ್ಯೆಯ ಮೇಲೇ ಬೆಳೆದ ಊರು. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಇಳಿಸಿದರು. ದಂಡಿನ ಹಿಂದೆ ತಮಿಳು ನಾಡಿನಿಂದ, ತೆಲುಗು ಸೀಮೆಯಿಂದ, ಸುತ್ತಲ ಕನ್ನಡ ಹಳ್ಳಿಗಳಿಂದ ನಮ್ಮ ಜನ ಬಂದರು. ಬಟ್ಲರು, ಆಯಾ, ಕುದುರೆ ನೋಡಿಕೊಳ್ಳುವವರು, ಹುಲ್ಲು ಕೊಯ್ಯುವವರು, ಕಕ್ಕಸು ಬಳಿಯುವವರು. ಈಗಿನ ಶಿವಾಜಿನಗರವನ್ನು ಆಗ ಬ್ಲ್ಯಾಕ್‌ಪಳ್ಳಿ ಅನ್ನುತ್ತಿದ್ದರು. ಊರಿನ ಜಾತಿಯಿಂದ ತಪ್ಪಿಸಿಕೊಂಡು ಬಂದವರಿಗೆ ಕಂಟೋನ್ಮೆಂಟು ಸ್ವಲ್ಪ ಉಸಿರಾಡೋಕೆ ಬಿಟ್ಟಿತು, ಅದನ್ನು ಸುಳ್ಳು ಅನ್ನೋದು ಬೇಡ. ಬೂಟು ಹಾಕಿಕೊಳ್ಳಬಹುದಿತ್ತು, ಸಂಬಳ ನಾಣ್ಯದಲ್ಲಿ ಸಿಗುತ್ತಿತ್ತು, ಮಕ್ಕಳನ್ನು ಮಿಷನ್ ಸ್ಕೂಲಿಗೆ ಕಳಿಸಬಹುದಿತ್ತು. ಆದರೆ ಒಂದು ಬಂಗಲೆಯಿಂದ ಇನ್ನೊಂದು ಬಂಗಲೆಗೆ ಕೆಲಸ ಕೇಳಿಕೊಂಡು ಹೋಗಬೇಕಾದರೆ ಕೈಯಲ್ಲಿ ಚೀಟಿ ಬೇಕಿತ್ತು. ಸಾಹೇಬರು ಅದಕ್ಕೆ ‘ಚಿಟ್’ ಅನ್ನೋರು, ‘ಕ್ಯಾರೆಕ್ಟರ್’ ಅನ್ನೋರು. ಈ ಆಳು ಪ್ರಾಮಾಣಿಕ, ವಿನಯವಂತ, ಅಥವಾ ಸಿಡುಕ, ಸೋಮಾರಿ ಅಂತ ದೊರೆಸಾನಿ ನಾಲ್ಕು ಸಾಲು ಗೀಚಿದರೆ ಅದೇ ಅವನ ಜಾತಕ. ಆ ಕಾಗದವನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನ ಮಾಡಿಕೊಂಡವನಿಗೆ ಅದರಲ್ಲಿರುವುದನ್ನು ಓದೋಕೆ ಬರುತ್ತಿರಲಿಲ್ಲ. ತನ್ನ ಮುಖ ಹೇಗಿದೆ ಅಂತ ಪರಭಾಷೆಯಲ್ಲಿ ಬರೆದದ್ದನ್ನು ತಾನೇ ಹೊತ್ತು ತಿರುಗಬೇಕಾದ ಸ್ಥಿತಿ.

ಇದೇ ಬಂಗಲೆಗಳಲ್ಲಿ ಐವತ್ತು ವರ್ಷದ ಗಂಡಸನ್ನು ‘ಬಾಯ್’ ಅಂತ ಕರೆದರು. ‘ಕೂಲಿ’ ಅಂದರೆ ನಮಗೆ ದುಡಿದದ್ದಕ್ಕೆ ಸಲ್ಲಬೇಕಾದ ಹಣ. ಇಂಗ್ಲಿಷಿನಲ್ಲಿ ಅದು ದುಡಿಯುವ ಮನುಷ್ಯನ ಹೆಸರಾಗಿ, ದಕ್ಷಿಣ ಆಫ್ರಿಕಾ ಮುಟ್ಟುವಷ್ಟರಲ್ಲಿ ಬೈಗುಳವಾಯಿತು. ಹಣ ಸಾಹೇಬರ ಹತ್ತಿರ ಉಳಿಯಿತು, ಹೆಸರು ನಮಗೆ ಬಂತು. ಎಲ್ಲಕ್ಕಿಂತ ದೂರ ಹೋದದ್ದು ‘ಪರಯ’. ತಮಿಳಿನ ‘ಪರೈ’ ಅಂದರೆ ಚರ್ಮದ ವಾದ್ಯ, ನಮ್ಮ ತಮಟೆಯ ಅಣ್ಣ. ಅದನ್ನು ಬಾರಿಸುವವರು ಪರಯರು ಅಂತ ಹೆಚ್ಚಿನವರು ಹೇಳುವ ವಿವರಣೆ. ಹಲಸೂರಿನ ಕೇರಿಗಳಲ್ಲಿ ಆ ಸಮುದಾಯದ ಅಣ್ಣ ತಮ್ಮಂದಿರು ತಲೆಮಾರುಗಳಿಂದ ಇದ್ದಾರೆ. ಆ ಹೆಸರು ಇಂಗ್ಲಿಷಿಗೆ ಹತ್ತಿ ‘ಪರಾಯಾ’ ಆಗಿ, ಪ್ರಪಂಚದಲ್ಲಿ ಯಾರನ್ನೇ ಹೊರಗೆ ಹಾಕಲಿ ಅವರಿಗೆಲ್ಲ ಅನ್ವಯವಾಗುವ ಪದವಾಯಿತು. ಜರ್ಮನಿಯ ಮ್ಯಾಕ್ಸ್ ವೇಬರ್ ಯಹೂದಿಗಳನ್ನು ವಿವರಿಸೋಕೆ ಅದನ್ನೇ ಬಳಸಿದ. ಬೀದಿ ನಾಯಿ ‘ಪರಾಯಾ ಡಾಗ್’. ರಸೆಲ್ ಮಾರ್ಕೆಟ್ಟಿನ ಮೇಲೆ ಸುತ್ತುವ ಹದ್ದನ್ನು ಹಕ್ಕಿ ಪುಸ್ತಕಗಳಲ್ಲಿ ಬಹಳ ಕಾಲ ‘ಪರಾಯಾ ಕೈಟ್’ ಅಂತಲೇ ಬರೆಯುತ್ತಿದ್ದರು. ಆಕಾಶದಲ್ಲಿ ಹಾರುವುದಕ್ಕೂ ಜಾತಿ ಹಚ್ಚಿದರು. ದೊಡ್ಡ ದೇಶವೊಂದನ್ನು ಬೇರೆ ದೇಶಗಳು ದೂರ ಇಟ್ಟರೆ ಪತ್ರಿಕೆಗಳು ಈಗಲೂ ಅದನ್ನು ‘ಪರಾಯಾ ಸ್ಟೇಟ್’ ಅಂತಲೇ ಬರೆಯುತ್ತವೆ. ಬರೆಯುವವರಿಗೆ ಹಲಸೂರು ನೆನಪಾಗೋದಿಲ್ಲ.

1947ರ ಜುಲೈನಲ್ಲಿ ಕಂಟೋನ್ಮೆಂಟು ಮೈಸೂರು ಸಂಸ್ಥಾನಕ್ಕೆ ವಾಪಸ್ಸಾಯಿತು, ಸಾಹೇಬರು ಹೊರಟುಹೋದರು. ಚೀಟಿ ಹೋಯಿತೆ? ಇಂದಿರಾನಗರದ ನೂರಡಿ ರಸ್ತೆಯಲ್ಲಿ ಸಂಜೆ ನಿಂತು ನೋಡಿ. ಮೊಬೈಲು ಹಿಡಿದು ಬೈಕಿನ ಮೇಲೆ ಊಟದ ಪೊಟ್ಟಣ ಸಾಗಿಸುವವರಲ್ಲಿ ಎಷ್ಟೋ ಜನ ನಮ್ಮ ನಿಮ್ಮಂಥ ಡಿಗ್ರಿ ಮುಗಿಸಿದ ಹುಡುಗರು. ಬಾಗಿಲು ತೆಗೆದವರು ಐದು ನಕ್ಷತ್ರ ಕೊಡುತ್ತಾರೋ ಎರಡು ಕೊಡುತ್ತಾರೋ ಅನ್ನೋದರ ಮೇಲೆ ಅವರ ನಾಳೆ ನಿಂತಿದೆ. ನಾಲ್ಕನೇ ಮಹಡಿಗೆ ಲಿಫ್ಟು ಬಿಡದೆ ಮೆಟ್ಟಿಲು ಹತ್ತಿಸಿದ ಮೇಲೆ ಬೆವರು ಒರೆಸಿಕೊಂಡು ನಗಲೂ ಬೇಕು. ಆ ಚೀಟಿಯನ್ನು ಓದೋಕಾದರೂ ಅವರಿಗೆ ಬರುತ್ತೆ ಅನ್ನೋದೊಂದೇ ವ್ಯತ್ಯಾಸ.

ನಮ್ಮ ಗೆಳೆಯರೊಬ್ಬರು ಒಂದು ಕಂಪನಿಯ ಇಂಟರ್‌ವ್ಯೂಗೆ ಹೋಗಿದ್ದರು. ಕೆ.ಆರ್. ಪುರಂನಿಂದ ಎರಡು ಬಸ್ ಹತ್ತಿ, ಒತ್ತಿದ ಅಂಗಿ ಮುದುಡದ ಹಾಗೆ ನಿಂತೇ ಹೋದರು. ಲೆಕ್ಕ, ತರ್ಕ ಎಲ್ಲದರಲ್ಲೂ ಮುಂದು. ಕೊನೆಗೆ ಬಂದ ಉತ್ತರ, ‘ಆಟಿಟ್ಯೂಡ್’ ಸರಿಯಿಲ್ಲ. ಮಾಡಿದ ತಪ್ಪೇನು ಅಂದರೆ ಕೇಳಿದ ಪ್ರಶ್ನೆಗೆ ಉತ್ತರ ಹೇಳಿ ಸುಮ್ಮನೆ ಕೂತಿದ್ದು, ಹಲ್ಲು ಬಿಡದೆ. ಇವತ್ತಿನ ಚರ್ಲ್ ಈ ಆಟಿಟ್ಯೂಡೇ. ಅದರ ಬೇರನ್ನೂ ಅಗೆದು ನೋಡಿದೆವು. ಲ್ಯಾಟಿನ್ನಿನ ಒಂದೇ ಪದ, ‘ತಕ್ಕತನ’ ಅಂತ ಅರ್ಥ ಬರುವಂಥದು, ಒಂದು ದಾರಿಯಲ್ಲಿ ‘ಆ್ಯಪ್ಟಿಟ್ಯೂಡ್’ ಆಗಿ ಬಂತು, ಇಟಲಿಯ ದಾರಿಯಲ್ಲಿ ಸುತ್ತಿ ‘ಆಟಿಟ್ಯೂಡ್’ ಆಗಿ ಬಂತು. ನಮ್ಮ ಗೆಳೆಯರು ಅಕ್ಕನ ಪರೀಕ್ಷೆಯಲ್ಲಿ ಪಾಸಾಗಿ ತಂಗಿಯ ಪರೀಕ್ಷೆಯಲ್ಲಿ ಫೇಲಾದರು.

1381ರಲ್ಲಿ ಇಂಗ್ಲೆಂಡಿನ ಚರ್ಲರು, ಜೀತಗಾರರು ತಲೆಗಂದಾಯ ತಡೆಯಲಾರದೆ ಲಂಡನ್ನಿಗೆ ನುಗ್ಗಿದರು. ದಾರಿಯಲ್ಲಿ ಜಮೀನ್ದಾರರ ದಫ್ತರಗಳನ್ನು ಹುಡುಕಿ ಸುಟ್ಟರು. ತಾವು ಜೀತಗಾರರು ಅಂತ ಬರೆದಿದ್ದದ್ದು ಆ ಕಾಗದಗಳಲ್ಲೇ ಅಂತ ಓದು ಬಾರದವರಿಗೂ ಗೊತ್ತಿತ್ತು. ಹದಿನಾಲ್ಕು ವರ್ಷದ ರಾಜ ಎರಡನೇ ರಿಚರ್ಡ್ ಜೀತ ರದ್ದು ಅಂತ ಮಾತು ಕೊಟ್ಟ. ದಂಡು ಸೇರಿಸಿಕೊಂಡ ಮೇಲೆ ಮಾತು ಮುರಿದ. ನೀವು ಹಳ್ಳಿಗಮಾರರು, ಹಾಗೇ ಇರುತ್ತೀರಿ ಅನ್ನೋ ಧಾಟಿಯಲ್ಲಿ ಅವನು ಹೇಳಿ ಕಳಿಸಿದ ಅಂತ ಆ ಕಾಲದ ಒಬ್ಬ ಸನ್ಯಾಸಿ ಬರೆದಿಟ್ಟಿದ್ದಾನೆ. ಗೋವರ್ ಅನ್ನೋ ಕವಿ ಅದೇ ದಂಗೆಯ ಮೇಲೆ ಲ್ಯಾಟಿನ್ನಿನಲ್ಲಿ ಉದ್ದದ ಕಾವ್ಯ ಬರೆದು, ರೈತರೆಲ್ಲ ಕತ್ತೆ, ಎತ್ತು, ಹಂದಿ, ನಾಯಿಗಳಾಗಿ ಮಾರ್ಪಟ್ಟರು ಅಂತ ವರ್ಣಿಸಿದ. ಕವಿಗಳಾದ ನಾವು ಇದನ್ನು ಸ್ವಲ್ಪ ಹೊತ್ತು ಯೋಚಿಸಬೇಕು. ನಮ್ಮಲ್ಲೂ 1973ರ ನವೆಂಬರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದಾಗ ಏನಾಯಿತು? ಹಾಸ್ಟೆಲುಗಳಿಗೆ ನುಗ್ಗಿ ನಮ್ಮ ಹುಡುಗರನ್ನು ಹೊಡೆದರು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ದನಕ್ಕೆ ಹಾಕುವ ಬೂಸಾ ಯಾರ ಕೈ ಮುಟ್ಟಿದ್ದು ಅನ್ನೋದನ್ನು ಮಾತ್ರ ಯಾರೂ ಕೇಳಲಿಲ್ಲ. ಒಬ್ಬ ಸಾಹಿತಿ ಅದೇ ಮಾತು ಆಡಿದ್ದರೆ ಅದನ್ನು ವಿಮರ್ಶೆ ಅನ್ನುತ್ತಿದ್ದರು.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಪದದ ಮೂಲ ಚೆನ್ನಾಗಿತ್ತು ಅಂತ ಗೊತ್ತಾದ ಮಾತ್ರಕ್ಕೆ ಬೈದವನು ತಪ್ಪಿಸಿಕೊಳ್ಳೋಕಾಗೋದಿಲ್ಲ. ‘ನಾನು ಬೈಯಲಿಲ್ಲ ಸ್ವಾಮಿ, ಅದು ಅವರ ಜಾತಿಯ ಹೆಸರು, ಇರೋದನ್ನೇ ಹೇಳಿದೆ’ ಅನ್ನೋ ವಾದ ನಮ್ಮ ಕೋರ್ಟುಗಳಲ್ಲಿ ಎಷ್ಟೋ ಸಲ ಬಂದಿದೆ. 1989ರ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ ಜನ ನೋಡುವ ಜಾಗದಲ್ಲಿ ಅವಮಾನ ಮಾಡಬೇಕಂತ ಜಾತಿ ಹಿಡಿದು ಬೈಯೋದು ಅಪರಾಧ. 2015ರಲ್ಲಿ ಅದಕ್ಕೆ ತಿದ್ದುಪಡಿ ಆದ ಮೇಲೆ ಈ ಮಾತು 3ನೇ ಸೆಕ್ಷನ್ನಿನ 1ನೇ ಉಪವಿಭಾಗದ ‘ಎಸ್’ ಕಂಡಿಕೆಯಲ್ಲಿದೆ, ಬರೆದಿಟ್ಟ್ಕೊಳ್ಳಿ. 2008ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ‘ಚಮಾರ್’ ಎಂಬ ಪದವನ್ನೇ ಎತ್ತಿಕೊಂಡು ವಿಚಾರ ಮಾಡಿತು. ಪದದ ವ್ಯುತ್ಪತ್ತಿ ನೋಡಬೇಕಾದ್ದಲ್ಲ, ಇವತ್ತು ಜನ ಅದನ್ನು ಯಾವ ಅರ್ಥದಲ್ಲಿ ಬಳಸುತ್ತಾರೆ ಅನ್ನೋದನ್ನು ನೋಡಬೇಕು, ವ್ಯುತ್ಪತ್ತಿ ಹಿಡಿದು ಕೂತರೆ ಕಾಯಿದೆಯ ಉದ್ದೇಶವೇ ಹಾಳಾಗುತ್ತದೆ ಅನ್ನೋದು ಆ ತೀರ್ಪಿನ ಸಾರ. ಇಷ್ಟು ಹೊತ್ತು ಬೇರು ಅಗೆದ ನಮಗೇ ಆ ತೀರ್ಪು ಬುದ್ಧಿ ಹೇಳಿದ ಹಾಗಿದೆ. ಚರ್ಲ್ ಅಂದರೆ ಮೊದಲು ಮನುಷ್ಯ ಅಂತಿತ್ತು, ಸರಿ. ಈಗ ಹಾಗಿಲ್ಲವಲ್ಲ.

ಹಾಗಾದರೆ ಇಂಥ ಪದಗಳನ್ನು ಏನು ಮಾಡೋದು? ನಮ್ಮೊಳಗೇ ಎರಡು ಮಾತಿದೆ. ಸುಟ್ಟುಬಿಡಬೇಕು ಅನ್ನೋರಿದ್ದಾರೆ. ಕಿತ್ತುಕೊಂಡು ನಮ್ಮದು ಮಾಡಿಕೊಳ್ಳಬೇಕು ಅನ್ನೋರಿದ್ದಾರೆ. ‘ದಲಿತ’ ಅಂದರೂ ತುಳಿಯಲ್ಪಟ್ಟವನು ಅಂತಲೇ ಅರ್ಥ, ಆದರೆ ನಾವೇ ಎತ್ತಿಕೊಂಡು ಹಣೆಗೆ ಹಚ್ಚಿಕೊಂಡೆವು. 1972ರಲ್ಲಿ ಬೊಂಬಾಯಿಯ ಹುಡುಗರು ದಲಿತ ಪ್ಯಾಂಥರ್ಸ್ ಕಟ್ಟಿದಾಗ ಆ ಪದದ ಬೆನ್ನು ನೆಟ್ಟಗಾಯಿತು. ಇಂಗ್ಲೆಂಡಿನಲ್ಲಿ ಯಾರೂ ಬಂದು ನಾನೇ ಚರ್ಲ್, ಏನೀಗ ಅನ್ನಲಿಲ್ಲ. ಅದಕ್ಕೇ ಆ ಪದ ಡಿಕ್ಷನರಿಯಲ್ಲಿ ಹಾಗೇ ಬಿದ್ದಿದೆ. ಈ ಚರ್ಚೆ ಇವತ್ತು ಮುಗಿಯೋದಿಲ್ಲ, ಊಟದ ಹೊತ್ತೂ ಆಯಿತು.

ಅಷ್ಟರೊಳಗೆ ಒಂದು ಕೆಲಸ. ದಸರಾ ರಜಕ್ಕೆ ಊರಿಗೆ ಹೋಗುತ್ತೀರಲ್ಲ, ಒಂದು ನಲವತ್ತು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ನಿಮ್ಮ ಊರಿನಲ್ಲಿ ಮುಖ ಗಂಟು ಹಾಕಿಕೊಂಡವರಿಗೆ ಏನೇನು ಅನ್ನುತ್ತಾರೆ ಅಂತ ಬರೆದುಕೊಳ್ಳಿ. ಪದ, ಅದನ್ನು ಯಾರು ಯಾರಿಗೆ ಅಂದರು, ಆ ಹೊತ್ತಿನಲ್ಲಿ ಏನು ನಡೆದಿತ್ತು. ಕೂಲಿ ಕೇಳಿದ್ದರೋ, ಹೋಟೆಲಿನಲ್ಲಿ ಲೋಟ ತೊಳೆಯೋಕೆ ಒಪ್ಪಲಿಲ್ಲವೋ, ಕೂತಲ್ಲಿಂದ ಏಳಲಿಲ್ಲವೋ. ಅಮ್ಮಂದಿರನ್ನು ಮೊದಲು ಕೇಳಿ, ಅವರು ಕೇಳಿಸಿಕೊಂಡಿರೋದು ಜಾಸ್ತಿ. ಮುಂದಿನ ಕೂಟಕ್ಕೆ ಬರುವಾಗ ಆ ನೋಟ್‌ಬುಕ್ ತನ್ನಿ.